ಫಲಿತಾಂಶ ಚೆನ್ನಾಗಿರುವ ಶಾಲೆ ಯಾಕೆ ಬದಲಾಗಬೇಕು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಶಾಲೆಯ ಫಲಿತಾಂಶ ಪ್ರತಿ ವರ್ಷ ಚೆನ್ನಾಗಿಯೇ ಬರುತ್ತದೆ. ಪೋಷಕರ ದೂರೂ ಇಲ್ಲ. ಆದರೂ ಆಡಳಿತ ಮಂಡಳಿಯವರು ವರ್ಷಕ್ಕೊಂದು ಹೊಸ ಯೋಜನೆ ಹಿಡಿದುಕೊಂಡು ಬರುತ್ತಾರೆ. ಒಂದು ವರ್ಷ ಸ್ಮಾರ್ಟ್ ಬೋರ್ಡ್, ಇನ್ನೊಂದು ವರ್ಷ ಟ್ಯಾಬ್, ಈಗ ಎಐ. ಪ್ರತಿಯೊಂದಕ್ಕೂ ತರಬೇತಿ, ವರದಿ, ಫೋಟೋ. ನಮಗೆ ಸಾಕುಸಾಕಾಗಿದೆ. ಚೆನ್ನಾಗಿ ನಡೆಯುತ್ತಿರುವುದನ್ನು ಸುಮ್ನೆ ಯಾಕೆ ಕೆದಕಬೇಕು? ಮುಂದಿನ ಸಭೆಯಲ್ಲಿ ನಾನು ಏನು ಹೇಳಲಿ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನಲ್ಲಿ ನೀವು ಮಾಡಿಕೊಂಡ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ವರ್ಷಕ್ಕೊಂದು ಯೋಜನೆ ತಂದು ಶಿಕ್ಷಕರ ತಲೆಗೆ ಕಟ್ಟಬೇಡಿ ಅನ್ನುವುದು ಒಂದು ಮಾತು. ಶಾಲೆ ಇದ್ದ ಹಾಗೇ ಇರಲಿ ಅನ್ನುವುದು ಬೇರೆಯೇ ಮಾತು. ಮೊದಲನೆಯದನ್ನು ಹೇಳಿ, ನಾನೂ ದನಿಗೂಡಿಸುತ್ತೇನೆ. ಎರಡನೆಯದನ್ನು ಮಾತ್ರ ದಯವಿಟ್ಟು ಹೇಳಬೇಡಿ.

'ಫಲಿತಾಂಶ ಚೆನ್ನಾಗಿದೆ' ಅಂದಿದ್ದೀರಿ. ಅಲ್ಲಿಂದಲೇ ಶುರು ಮಾಡೋಣ. ನೀವು ವಿಜ್ಞಾನದವರು, ಹಾಗಾಗಿ ಎರಿಕ್ ಮಜೂರ್ ಅವರ ಅನುಭವ ನಿಮಗೆ ಬೇಗ ಹಿಡಿಸುತ್ತದೆ.

ಮಜೂರ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. 1984ರಲ್ಲಿ ಅಲ್ಲಿ ಸೇರಿದರು. ಒಳ್ಳೆಯ ಮೇಷ್ಟ್ರು ಅಂತ ಬೇಗನೇ ಹೆಸರಾಯಿತು. ಅವರ ವಿದ್ಯಾರ್ಥಿಗಳು ಕಷ್ಟದ ಲೆಕ್ಕಗಳನ್ನೂ ಸರಾಗವಾಗಿ ಬಿಡಿಸುತ್ತಿದ್ದರು. ಪಾಠದ ಬಗ್ಗೆ ಒಳ್ಳೆಯ ಅಭಿಪ್ರಾಯವನ್ನೇ ಬರೆದುಕೊಡುತ್ತಿದ್ದರು. ಅಂದರೆ ಇವತ್ತು ನಿಮ್ಮ ಶಾಲೆ ಎಲ್ಲಿದೆಯೋ ಹೆಚ್ಚುಕಡಿಮೆ ಅಲ್ಲೇ ಅವರೂ ಇದ್ದರು. ಆಮೇಲೆ ಅರಿಜೋನಾದ ಇಬ್ಬರು ಸಂಶೋಧಕರು ಬರೆದದ್ದು ಅವರ ಕಣ್ಣಿಗೆ ಬಿತ್ತು. ಭೌತಶಾಸ್ತ್ರದ ಕೋರ್ಸ್ ಮುಗಿಸಿದ ಮೇಲೂ ಬಲ ಮತ್ತು ಚಲನೆಯ ಬಗ್ಗೆ ವಿದ್ಯಾರ್ಥಿಗಳ ತಲೆಯಲ್ಲಿ ಹಳೇ ತಪ್ಪು ಕಲ್ಪನೆಗಳೇ ಉಳಿದಿರುತ್ತವೆ ಅಂತ ಆ ಇಬ್ಬರು ತೋರಿಸಿದ್ದರು. ನನ್ನ ವಿದ್ಯಾರ್ಥಿಗಳು ಹಾಗಲ್ಲ ಅಂದುಕೊಂಡ ಮಜೂರ್ 1990ರಲ್ಲಿ ಅದೇ ಪ್ರಶ್ನೆಗಳನ್ನು ತಮ್ಮ ತರಗತಿಗೂ ಕೊಟ್ಟು ನೋಡಿದರು.

ಎಲ್ಲಾ ಮಾಮೂಲಿ ಪ್ರಶ್ನೆಗಳು. ದೊಡ್ಡ ಲಾರಿ ಒಂದು ಸಣ್ಣ ಕಾರಿಗೆ ಗುದ್ದುತ್ತದೆ. ಲಾರಿ ಕಾರಿನ ಮೇಲೆ ಹಾಕುವ ಬಲ ಜಾಸ್ತಿಯೋ, ಕಾರು ಲಾರಿಯ ಮೇಲೆ ಹಾಕುವುದು ಜಾಸ್ತಿಯೋ, ಅಥವಾ ಎರಡೂ ಸಮವೋ? ನ್ಯೂಟನ್‌ನ ಮೂರನೇ ನಿಯಮ ಗೊತ್ತಿದ್ದರೆ ಸಮ ಅನ್ನಬೇಕು. ಅಲ್ಲಿದ್ದವರಿಗೆಲ್ಲ ನಿಯಮ ಬಾಯಿಪಾಠವಾಗಿತ್ತು. ಆದರೂ ಎಷ್ಟೋ ಜನ ಲಾರಿ ಅಂತಲೇ ಬರೆದರು. ಪರೀಕ್ಷೆಯ ನಡುವೆ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳಂತೆ: ಇದಕ್ಕೆ ನೀವು ಹೇಳಿಕೊಟ್ಟ ಹಾಗೆ ಉತ್ತರ ಬರೆಯಬೇಕಾ, ನಾನು ಮಾಮೂಲಿಯಾಗಿ ಯೋಚಿಸುವ ಹಾಗೆ ಬರೆಯಬೇಕಾ?

ಆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಮೇಷ್ಟ್ರ ಪಾಠ ಆ ಹುಡುಗಿಯ ತಲೆಯಲ್ಲಿ ಒಂದು ಕಡೆ ಇದೆ. ಲೋಕದ ಬಗ್ಗೆ ಅವಳಿಗಿರುವ ತಿಳಿವಳಿಕೆ ಇನ್ನೊಂದು ಕಡೆ ಇದೆ. ಎರಡಕ್ಕೂ ಪರಿಚಯವೇ ಆಗಿಲ್ಲ. ಮಾಮೂಲಿ ಪರೀಕ್ಷೆ ಮೊದಲನೆಯದನ್ನಷ್ಟೇ ನೋಡುತ್ತದೆ. ಹಾಗಾಗಿ ಅಂಕ ಚೆನ್ನಾಗಿಯೇ ಬರುತ್ತದೆ. ನಿಮ್ಮ ಶಾಲೆಯಲ್ಲೂ ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಹೀಗೆ ಆಗಿದ್ದರೆ ನಿಮಗೆ ಗೊತ್ತಾಗುವ ದಾರಿ ಯಾವುದು ಅಂತ ಕೇಳುತ್ತಿದ್ದೇನೆ, ಅಷ್ಟೇ. ಲಾರಿಯ ಪ್ರಶ್ನೆಯನ್ನು ನಾಳೆಯೇ ನಿಮ್ಮ ಮಕ್ಕಳ ಮುಂದಿಟ್ಟು ನೋಡಬಹುದು.

ಮಜೂರ್ ಆಮೇಲೆ ಪಾಠದ ರೀತಿಯನ್ನೇ ಬದಲಾಯಿಸಿದರು. ಸ್ವಲ್ಪ ಹೊತ್ತು ವಿವರಣೆ, ನಂತರ ಒಂದು ಪ್ರಶ್ನೆ. ಪ್ರತಿಯೊಬ್ಬರೂ ಮೊದಲು ತಾವೇ ಯೋಚಿಸಿ ಒಂದು ಉತ್ತರ ಆರಿಸಬೇಕು. ಬೇರೆ ಉತ್ತರ ಆರಿಸಿದ ಪಕ್ಕದವರ ಜೊತೆ ವಾದ ಮಾಡಬೇಕು. ನಂತರ ಇನ್ನೊಮ್ಮೆ ಉತ್ತರ ಆರಿಸಬೇಕು. ಕೋರ್ಸಿನ ಮೊದಲು ಮತ್ತು ಕೊನೆಗೆ ಅದೇ ಬಗೆಯ ಪರೀಕ್ಷೆ ಕೊಟ್ಟು ಅಳೆದಾಗ, ಮೊದಲ ವರ್ಷವೇ ಕಲಿಕೆಯಲ್ಲಿ ವಿದ್ಯಾರ್ಥಿಗಳ ಗಳಿಕೆ ಹಿಂದಿನದಕ್ಕಿಂತ ಸುಮಾರು ಎರಡು ಪಟ್ಟಾಗಿತ್ತು. ಇಷ್ಟು ಸಾಕು ಅಂತ ಅವರು ಕೈಕಟ್ಟಿ ಕೂರಲಿಲ್ಲ. ಮುಂದಿನ ವರ್ಷಗಳಲ್ಲಿ ಪ್ರಶ್ನೆಗಳನ್ನು ತಿದ್ದಿದರು. ಪಾಠಕ್ಕೆ ಮೊದಲೇ ಓದಿಕೊಂಡು ಬರುವ ಪದ್ಧತಿ ತಂದರು. ಗಳಿಕೆ ಇನ್ನೂ ಮೇಲೇರಿತು. ಹತ್ತು ವರ್ಷಗಳ ಈ ಲೆಕ್ಕವನ್ನು 2001ರಲ್ಲಿ ಪ್ರಕಟಿಸಿದರು. ಶಾಲೆ ನಿರಂತರ ಬದಲಾಗಬೇಕು ಅಂದಾಗ ನನ್ನ ಮನಸ್ಸಿನಲ್ಲಿರುವುದು ಇಂಥದ್ದು.

ನಿಮ್ಮ ಮಂಡಳಿಯವರ ಮನಸ್ಸಿನಲ್ಲಿರುವುದು ಬಹುಶಃ ಬೇರೆ. ಅವರಿಗೆ ಬದಲಾವಣೆ ಅಂದರೆ ಕೊಂಡು ತರುವ ಸಾಮಾನು. ಇದು ಅವರೊಬ್ಬರ ಕಾಯಿಲೆ ಅಲ್ಲ ಬಿಡಿ, ನೂರು ವರ್ಷಕ್ಕಿಂತ ಹಳೆಯದು. 1913ರಲ್ಲೇ ಥಾಮಸ್ ಎಡಿಸನ್, ಇನ್ನು ಸ್ವಲ್ಪ ದಿನದಲ್ಲಿ ಶಾಲೆಗಳಲ್ಲಿ ಪುಸ್ತಕ ಇರುವುದಿಲ್ಲ, ಚಲನಚಿತ್ರವೇ ಎಲ್ಲವನ್ನೂ ಕಲಿಸುತ್ತದೆ ಅಂದಿದ್ದರು. ಆಮೇಲೆ ರೇಡಿಯೋ ಬಂತು. 1950ರ ದಶಕದಲ್ಲಿ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಕಲಿಕಾ ಯಂತ್ರ ಬಂತು, ಟಿವಿ ಬಂತು. 60, 70ರ ದಶಕಗಳಲ್ಲಿ ಅಮೆರಿಕ, ಬ್ರಿಟನ್ನಿನ ಎಷ್ಟೋ ಶಾಲೆಗಳು ತರಗತಿಗಳ ನಡುವಿನ ಗೋಡೆಯನ್ನೇ ತೆಗೆದವು. ಗಲಾಟೆ ತಡೆಯಲಾರದೆ ಮತ್ತೆ ಗೋಡೆ ಎಬ್ಬಿಸಿದವು.

ಪೆರುವಿನ ಉದಾಹರಣೆ ನಿಮ್ಮ ಸಭೆಯಲ್ಲಿ ಕೆಲಸಕ್ಕೆ ಬರಬಹುದು. ಮಕ್ಕಳಿಗೆಲ್ಲ ಒಂದೊಂದು ಲ್ಯಾಪ್‌ಟಾಪ್ ಕೊಡುವ ಜಾಗತಿಕ ಯೋಜನೆಗೆ ಆ ದೇಶ ದೊಡ್ಡ ಮಟ್ಟದಲ್ಲಿ ಕೈ ಹಾಕಿತು. ಹಳ್ಳಿಗಾಡಿನ 319 ಶಾಲೆಗಳಲ್ಲಿ ಇದರ ಪರಿಣಾಮವನ್ನು ಅಳೆದು ನೋಡಿದ ಅಧ್ಯಯನ 2012ರಲ್ಲಿ ಬಂತು. ಮಕ್ಕಳು ಕಂಪ್ಯೂಟರ್ ಬಳಸುವುದೇನೋ ತುಂಬಾ ಜಾಸ್ತಿಯಾಗಿತ್ತು. ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ. ಪಾಠ ಹೇಳುವ ರೀತಿ ಮೊದಲಿನದ್ದೇ ಆಗಿದ್ದರೆ ಲ್ಯಾಪ್‌ಟಾಪ್ ಇನ್ನೇನು ಮಾಡೀತು?

ಸಾಮಾನೆಲ್ಲ ದಂಡ ಅಂತ ಇದರ ಅರ್ಥ ಅಲ್ಲ. ನೀವು ದಿನಾ ಬರೆಯುವ ಕಪ್ಪು ಹಲಗೆಯೂ ಒಂದು ಕಾಲಕ್ಕೆ ಹೊಸ ತಂತ್ರಜ್ಞಾನವೇ. ದೊಡ್ಡ ಗೋಡೆ ಹಲಗೆಗಳು ಶಾಲೆಗಳಿಗೆ ಬಂದದ್ದು 19ನೇ ಶತಮಾನದ ಶುರುವಿನಲ್ಲಿ. ಅದು ಉಳಿಯಿತು. ಯಾಕೆಂದರೆ ಅದರಿಂದ ಪಾಠದ ರೀತಿಯೇ ಬದಲಾಯಿತು. ಒಬ್ಬ ಶಿಕ್ಷಕ ಇಡೀ ತರಗತಿಗೆ ಒಂದೇ ಲೆಕ್ಕವನ್ನು ಹಂತಹಂತವಾಗಿ ಬಿಡಿಸಿ ತೋರಿಸುವುದು ಸಾಧ್ಯವಾಯಿತು. ಹೊಸ ವಸ್ತು ಬಂದಾಗ ಕೇಳಬೇಕಾದದ್ದು ಇಷ್ಟೇ: ಇದರಿಂದ ಮಗು ತರಗತಿಯಲ್ಲಿ ಇವತ್ತು ಮಾಡದ ಯಾವ ಕೆಲಸವನ್ನು ನಾಳೆ ಮಾಡುತ್ತದೆ? ಉತ್ತರ ಇಲ್ಲದಿದ್ದರೆ ಹಣ ಉಳಿಸಿಕೊಳ್ಳುವುದು ಒಳ್ಳೆಯದು.

ಈಗ ಕಾಸು ಖರ್ಚಿಲ್ಲದ ಬದಲಾವಣೆಗೆ ಬರುತ್ತೇನೆ. ನನ್ನ ಪ್ರಕಾರ ಶಾಲೆಗೆ ಇಂಥವೇ ಹೆಚ್ಚು ಬೇಕು.

ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಕೂತು ಕೇಳಿದರು. ಶಿಕ್ಷಕರು ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತಾರೆ? ಸರಾಸರಿ ಸುಮಾರು 1 ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತಾರೆ, ಇನ್ನೊಬ್ಬರನ್ನು ಎಬ್ಬಿಸುತ್ತಾರೆ, ಇಲ್ಲಾ ತಾವೇ ಉತ್ತರ ಹೇಳಿಬಿಡುತ್ತಾರೆ. ಮಗು ಉತ್ತರ ಹೇಳಿದ ಮೇಲೂ ಅಷ್ಟೇ ಅವಸರ. ಈ ಕಾಯುವ ಹೊತ್ತನ್ನು 3 ಸೆಕೆಂಡಿಗೆ ಏರಿಸಲು ರೋ ಶಿಕ್ಷಕರಿಗೆ ಅಭ್ಯಾಸ ಮಾಡಿಸಿದರು. ಮಕ್ಕಳ ಉತ್ತರ ಉದ್ದವಾಯಿತು. ಯಾಕೆ ಹಾಗೆ ಅನ್ನುವುದಕ್ಕೆ ಕಾರಣ ಕೊಡತೊಡಗಿದರು. ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು. ಮಕ್ಕಳು ತಾವಾಗಿ ಪ್ರಶ್ನೆ ಕೇಳುವುದು ಜಾಸ್ತಿಯಾಯಿತು. ಮೊದಲು ಬಾಯೇ ಬಿಡದಿದ್ದ ಮಕ್ಕಳೂ ಮಾತಾಡಿದರು.

ಕೇಳಲು ಇದು ಏನೂ ಅಲ್ಲ ಅನ್ನಿಸುತ್ತದೆ. ಮಾಡಿ ನೋಡಿ, ಆಗ ಗೊತ್ತಾಗುತ್ತದೆ. ಪ್ರಶ್ನೆ ಕೇಳಿ ಸುಮ್ಮನಾಗುತ್ತೀರಿ. ಒಂದು ಸೆಕೆಂಡಿಗೆ ಮೊದಲ ಬೆಂಚಿನ ಅದೇ ಎರಡು ಕೈ ಮೇಲೇಳುತ್ತವೆ. ಎರಡನೇ ಸೆಕೆಂಡಿಗೆ ತರಗತಿ ನಿಮ್ಮ ಮುಖ ನೋಡುತ್ತದೆ, ಮೇಡಂ ಮರೆತರಾ ಅಂತ. ಮೂರನೆಯದಕ್ಕೆ ನಿಮ್ಮ ನಾಲಿಗೆ ತುರಿಸುತ್ತದೆ. ಗೋಡೆಗೊರಗಿದ ಹುಡುಗ ಆಗ ತಾನೇ ಯೋಚನೆ ಶುರು ಮಾಡಿರುತ್ತಾನೆ. ಈ ಮೂರು ಸೆಕೆಂಡ್ ತಡೆದುಕೊಳ್ಳುವ ಅಭ್ಯಾಸ ಆಗುವುದಕ್ಕೆ ವಾರಗಟ್ಟಲೆ ಬೇಕು. ಇದರ ಫೋಟೋ ತೆಗೆಯುವ ಹಾಗಿಲ್ಲ, ಉದ್ಘಾಟನೆಗೆ ಯಾರನ್ನೂ ಕರೆಯುವ ಹಾಗಿಲ್ಲ. ಮಂಡಳಿಗಳಿಗೆ ಇಂಥ ಬದಲಾವಣೆ ಕಾಣದಿರುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ನೋಡಿ. ಉತ್ತರಪತ್ರಿಕೆ ತಿದ್ದಿ ನೀವು ಅಂಕ ಹಾಕುತ್ತೀರಿ, ಪಕ್ಕದಲ್ಲಿ ನಾಲ್ಕು ಸಾಲು ಸಲಹೆಯನ್ನೂ ಬರೆಯುತ್ತೀರಿ ಅಲ್ವಾ? 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕಿ ರೂತ್ ಬಟ್ಲರ್ ಇಸ್ರೇಲಿನ ಶಾಲಾ ಮಕ್ಕಳಿಗೆ ಮೂರು ರೀತಿಯಲ್ಲಿ ಉತ್ತರಪತ್ರಿಕೆ ಹಿಂತಿರುಗಿಸಿದರು. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಸಲಹೆ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಬರೀ ಸಲಹೆ ಸಿಕ್ಕವರು. ಎರಡೂ ಸಿಕ್ಕವರ ಸ್ಥಿತಿ ಬರೀ ಅಂಕ ಸಿಕ್ಕವರ ಹಾಗೇ ಇತ್ತು. ಅಂಕ ಕಂಡ ಕೂಡಲೇ ಸಲಹೆ ಯಾರಿಗೆ ಬೇಕು! ರಾತ್ರಿ ಹನ್ನೊಂದರ ತನಕ ಕೂತು ಸಲಹೆ ಬರೆಯುವ ಶಿಕ್ಷಕರಿಗೆ ಇದು ಹೊಟ್ಟೆ ಉರಿಸುವ ಸುದ್ದಿ. ಆದರೆ ಉಪಾಯ ಸುಲಭ. ಸಲಹೆ ಮೊದಲು ಕೊಡಿ, ತಿದ್ದಿ ತರಲಿ, ಅಂಕ ಆಮೇಲೆ ಹೇಳಿ.

ಓದಿದ್ದನ್ನೇ ಮತ್ತೆ ಓದಿಸುವ ನಮ್ಮ ಪುನರಾವರ್ತನೆಯ ವಿಷಯವೂ ಹೀಗೇ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದ ಪ್ರಕಾರ, ಒಂದು ಪಠ್ಯವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರ ಹೆಚ್ಚು ನೆನಪಿಟ್ಟುಕೊಂಡಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಾಮುರುಗಾ. ಒಮ್ಮೆ ಓದಿ, ಪಠ್ಯ ಮುಚ್ಚಿಟ್ಟು, ನೆನಪಾದಷ್ಟನ್ನು ಬರೆದವರಿಗೆ ಶೇ. 56ರಷ್ಟು ನೆನಪಿತ್ತು. ಎರಡು ಸಲ ಓದಿದವರಿಗೆ ಶೇ. 42. ನಾಳೆಯ ಪಾಠವನ್ನು 'ಪುಸ್ತಕ ಮುಚ್ಚಿ, ಹೋದ ವಾರದ್ದು ಏನು ನೆನಪಿದೆ ಬರೀರಿ' ಅಂತ ಶುರು ಮಾಡಲು ಯಾರ ಅನುಮತಿಯೂ ಬೇಡ.

ಇವನ್ನೆಲ್ಲ ಒಮ್ಮೆ ಅಳವಡಿಸಿಕೊಂಡರೆ ಮುಗಿಯಿತಲ್ಲ, ಬದಲಾವಣೆ ನಿರಂತರ ಯಾಕಿರಬೇಕು ಅಂತ ನೀವು ಕೇಳಬಹುದು. ಮಕ್ಕಳ ಕಡೆಯ ಕಾರಣ ನಿಮಗೇ ಗೊತ್ತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಮನೆಯಲ್ಲಿ ಬರೆದು ತರುವ ಪ್ರಬಂಧಕ್ಕೆ ಅಲ್ಲಿಯ ತನಕ ಇದ್ದ ಅರ್ಥ ಕೆಲವೇ ತಿಂಗಳಲ್ಲಿ ಹೋಯಿತು. ಯಾವ ಶಾಲೆಯೂ ಅದನ್ನು ಕೇಳಿ ಪಡೆಯಲಿಲ್ಲ. ಆದರೆ ಏನು ಬರೆಸಬೇಕು, ಎಲ್ಲಿ ಬರೆಸಬೇಕು ಅಂತ ಎಲ್ಲಾ ಶಾಲೆಗಳೂ ಹೊಸದಾಗಿ ಯೋಚಿಸಬೇಕಾಯಿತು.

ಅದಕ್ಕಿಂತ ದೊಡ್ಡ ಕಾರಣ ಶಿಕ್ಷಕರ ಕಡೆಯದ್ದು. ವೃತ್ತಿಯ ಮೊದಲ ಕೆಲವು ವರ್ಷ ನಾವು ಭರಭರನೆ ಕಲಿಯುತ್ತೇವೆ. ಆಮೇಲೆ ಬಹಳ ಜನರ ಬೆಳವಣಿಗೆ ನಿಧಾನವಾಗುತ್ತದೆ, ಕೆಲವರದ್ದು ನಿಂತೇಹೋಗುತ್ತದೆ. ಇಪ್ಪತ್ತು ವರ್ಷದ ಅನುಭವ ಅನ್ನುವುದು ಒಂದೇ ವರ್ಷದ ಅನುಭವವನ್ನು ಇಪ್ಪತ್ತು ಸಲ ಮಾಡಿದ್ದೂ ಆಗಿರಬಹುದು. ಇದು ಶಿಕ್ಷಕರ ಹಣೆಬರಹ ಅಂತ ಬಿಟ್ಟುಬಿಡುವ ಹಾಗೂ ಇಲ್ಲ. ಅಮೆರಿಕದ ಸಂಶೋಧಕರಾದ ಮ್ಯಾಥ್ಯೂ ಕ್ರಾಫ್ಟ್ ಮತ್ತು ಜಾನ್ ಪೇಪೆ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹುಡುಕಿತು. ಸಹೋದ್ಯೋಗಿಗಳ ನಡುವೆ ಸಹಕಾರ ಇರುವ, ಶಿಸ್ತು ಇರುವ, ಮುಖ್ಯಸ್ಥರ ಬೆಂಬಲ ಇರುವ ಶಾಲೆಗಳಲ್ಲಿ ಶಿಕ್ಷಕರು ಹತ್ತು ವರ್ಷದ ನಂತರವೂ ಸುಧಾರಿಸುತ್ತಲೇ ಇದ್ದರು. ವಾತಾವರಣ ಕೆಟ್ಟಿದ್ದ ಶಾಲೆಗಳಲ್ಲಿ ಬೆಳವಣಿಗೆ ಅಷ್ಟಿರಲಿಲ್ಲ. ಅಂದರೆ ಶಿಕ್ಷಕರು ಒಳ್ಳೆಯವರಾದರೆ ಸಾಲದು, ಶಾಲೆಯೂ ಕಲಿಯುವ ಶಾಲೆ ಆಗಿರಬೇಕು.

ಮೇಲಿದ್ದವರು ಮೇಲೇ ಇರುತ್ತಾರೆ ಅನ್ನುವ ಗ್ಯಾರಂಟಿಯೂ ಇಲ್ಲ. ಪಿಸಾ ಅಂತರರಾಷ್ಟ್ರೀಯ ಪರೀಕ್ಷೆಯ ಗಣಿತದಲ್ಲಿ 2006ರಲ್ಲಿ ಫಿನ್‌ಲೆಂಡಿನ ಸರಾಸರಿ 548. ಜಗತ್ತಿನ ಶಿಕ್ಷಣ ತಜ್ಞರೆಲ್ಲ ಅಲ್ಲಿಗೆ ಯಾತ್ರೆ ಹೋಗುತ್ತಿದ್ದ ಕಾಲ ಅದು. 2022ರಲ್ಲಿ ಅದೇ ದೇಶದ ಸರಾಸರಿ 484. ಕಾರಣಗಳ ಬಗ್ಗೆ ಇನ್ನೂ ಜಗಳ ನಡೆದಿದೆ, ನಾನು ಅದಕ್ಕೆ ತಲೆ ಹಾಕುವುದಿಲ್ಲ. ಆದರೆ ಒಳ್ಳೆಯ ಫಲಿತಾಂಶವೇ ಏನನ್ನೂ ಮುಟ್ಟದಿರುವುದಕ್ಕೆ ಕಾರಣ ಅನ್ನುವವರ ಮುಂದೆ ಈ ಎರಡು ಅಂಕಿಗಳನ್ನು ಇಡುತ್ತೇನೆ.

ಹಾಗಾದರೆ ಹೇಗೆ? ನನಗೆ ಮೆಚ್ಚುಗೆಯಾದ ದಾರಿ ಜಪಾನಿನ ಪ್ರಾಥಮಿಕ ಶಾಲೆಗಳದ್ದು. ಅದಕ್ಕೆ ಅಲ್ಲಿ ಜುಗ್ಯೋ ಕೆಂಕ್ಯು ಅನ್ನುತ್ತಾರೆ, ಪಾಠದ ಅಧ್ಯಯನ ಅಂತ. ಕೆಲವು ಶಿಕ್ಷಕರು ಸೇರಿ ಮಕ್ಕಳು ಎಡವುವ ಒಂದೇ ಒಂದು ಪಾಠವನ್ನು ಆರಿಸಿಕೊಳ್ಳುತ್ತಾರೆ. ಕೂತು ಯೋಜನೆ ಮಾಡುತ್ತಾರೆ. ಯಾವ ಪ್ರಶ್ನೆ ಮೊದಲು, ಮಕ್ಕಳು ಯಾವ ತಪ್ಪು ಉತ್ತರ ಕೊಡಬಹುದು, ಹಲಗೆಯ ಮೇಲೆ ಏನು ಉಳಿಯಬೇಕು, ಇಷ್ಟು ಸೂಕ್ಷ್ಮವಾಗಿ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಹಿಂದೆ ನಿಂತು ನೋಡುತ್ತಾರೆ. ಅವರ ಕಣ್ಣು ಮಕ್ಕಳ ಮೇಲೆ ಇರುತ್ತದೆ. ಈ ಹುಡುಗಿ ಎಲ್ಲಿ ಪೆನ್ಸಿಲ್ ಕೆಳಗಿಟ್ಟಳು, ಆ ಹುಡುಗ ಯಾವ ಮಾತಿಗೆ ಗೊಂದಲಗೊಂಡ. ಪಾಠವಾದ ಮೇಲೆ ಚರ್ಚೆ, ತಿದ್ದುಪಡಿ. ಹಲವು ಸಲ ತಿದ್ದಿದ ಪಾಠವನ್ನು ಇನ್ನೊಬ್ಬರು ಇನ್ನೊಂದು ತರಗತಿಯಲ್ಲಿ ಮಾಡುತ್ತಾರೆ. ತಪ್ಪಾದರೆ ಅದು ಪಾಠದ ತಪ್ಪು, ಪಾಠ ಮಾಡಿದವರನ್ನು ಯಾರೂ ದೂರುವುದಿಲ್ಲ. ಮುಖ್ಯಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕೂತು ಮಾರ್ಕ್ಸ್ ಹಾಕುವ ತಪಾಸಣೆಗೂ ಇದಕ್ಕೂ ಅಜಗಜಾಂತರ.

ಪ್ರಯೋಗ ಮಾಡಿದರಷ್ಟೇ ಸಾಲದು, ಫಲ ನೋಡಬೇಕು. ಕೀನ್ಯಾದಲ್ಲಿ ತರಗತಿಗಳಿಗೆ ದೊಡ್ಡ ಚಿತ್ರಪಟಗಳನ್ನು ಕೊಟ್ಟರು. ಅವು ಇದ್ದ ಶಾಲೆ, ಇಲ್ಲದ ಶಾಲೆ ಅಂತ ಹಾಗೇ ಹೋಲಿಸಿದಾಗ ಭಾರೀ ಪ್ರಯೋಜನ ಕಂಡಿತ್ತು. ಲಾಟರಿಯ ಹಾಗೆ ಆರಿಸಿದ ಶಾಲೆಗಳಿಗೆ ಕೊಟ್ಟು ಹೋಲಿಸಿದಾಗ ಏನೂ ಇರಲಿಲ್ಲ. ಮೊದಲೇ ಚೆನ್ನಾಗಿದ್ದ ಶಾಲೆಗಳಲ್ಲಿ ಚಿತ್ರಪಟವೂ ಇತ್ತು, ಅಷ್ಟೇ. ನಿಮ್ಮ ಶಾಲೆಯಲ್ಲಿ ಇಷ್ಟು ದೊಡ್ಡ ಪರೀಕ್ಷೆ ಬೇಡ. ಎರಡು ಸೆಕ್ಷನ್ ಇದ್ದರೆ ಒಂದರಲ್ಲಿ ಈ ಅವಧಿ, ಇನ್ನೊಂದರಲ್ಲಿ ಮುಂದಿನ ಅವಧಿ ಮಾಡಿ. ಎರಡಕ್ಕೂ ಅದೇ ಹತ್ತು ಪ್ರಶ್ನೆ ಕೊಡಿ. ಏನು ಕಂಡರೆ ಗೆದ್ದ ಹಾಗೆ ಅನ್ನುವುದನ್ನು ಮೊದಲೇ ಬರೆದಿಡಿ. ಆಮೇಲೆ ಬರೆದರೆ ಎಲ್ಲಾ ಯೋಜನೆಯೂ ಯಶಸ್ವಿಯೇ!

ಕೈಬಿಡುವುದನ್ನೂ ಕಲಿಯಬೇಕು. ಶಾಲೆಗಳಿಗೆ ಸೇರಿಸುವುದು ಗೊತ್ತು, ತೆಗೆಯುವುದು ಗೊತ್ತಿಲ್ಲ. ಒಬ್ಬ ಮಗು ನೋಡಿ ಕಲಿಯುತ್ತದೆ, ಇನ್ನೊಬ್ಬ ಕೇಳಿ ಕಲಿಯುತ್ತದೆ, ಅದಕ್ಕೆ ತಕ್ಕ ಹಾಗೆ ಪಾಠ ಬೇರೆ ಬೇರೆ ಮಾಡಿ ಅಂತ ನಿಮಗೂ ತರಬೇತಿ ಕೊಟ್ಟಿರುತ್ತಾರೆ. ಅದಕ್ಕೆ ಸರಿಯಾದ ಪುರಾವೆ ಇಲ್ಲ ಅಂತ ಮನೋವಿಜ್ಞಾನಿ ಪ್ಯಾಶ್ಲರ್ ಮತ್ತು ಅವರ ಸಂಗಡಿಗರು 2008ರಲ್ಲೇ ಹೇಳಿದರು. ತರಬೇತಿಗಳು ಇನ್ನೂ ನಡೆಯುತ್ತಿವೆ. ಹೊಸದು ಒಂದು ಬಂದರೆ ಹಳೇದು ಒಂದು ಹೋಗಬೇಕು, ಒಂದು ವರದಿಯೋ, ಒಂದು ರಿಜಿಸ್ಟರೋ, ಒಂದು ಸ್ಪರ್ಧೆಯೋ. ಇಲ್ಲದಿದ್ದರೆ ನಿಮಗಾದ ಸುಸ್ತು ಎಲ್ಲರಿಗೂ ಆಗುತ್ತದೆ. ಸುಸ್ತಾದ ಶಿಕ್ಷಕರು ಯಾವ ಯೋಜನೆಯನ್ನಾದರೂ ಕಾಗದದ ಮೇಲೆ ಚೆನ್ನಾಗಿ ನಡೆಸಿಬಿಡುತ್ತಾರೆ. ಅದು ನಮಗೆಲ್ಲ ಗೊತ್ತಿರುವ ಕಲೆ.

ಮಗ್ಗಿ, ದಿನಾ ಗಟ್ಟಿಯಾಗಿ ಓದುವುದು, ಮಕ್ಕಳ ಹೆಸರು ನೆನಪಿಟ್ಟುಕೊಳ್ಳುವುದು, ಗಂಟೆ ಹೊಡೆದರೆ ಪಾಠ ಶುರುವಾಗುವುದು, ಇವನ್ನು ಮುಟ್ಟಬೇಡಿ. ಸಣ್ಣ ಮಕ್ಕಳಿಗೆ ದಿನಚರಿ ಒಂದೇ ಥರ ಇದ್ದರೆ ಧೈರ್ಯ. 2023ರಲ್ಲಿ ಸ್ವೀಡನ್ ಸರ್ಕಾರ ಪರದೆಗಳ ಭರಾಟೆ ಕಡಿಮೆ ಮಾಡಿ ಮುದ್ರಿತ ಪುಸ್ತಕಗಳಿಗೆ ಹಣ ಕೊಟ್ಟಿತು. ಅದನ್ನು ಹಿಂದಕ್ಕೆ ಹೋದರು ಅಂತ ನಾನು ಓದುವುದಿಲ್ಲ. ನೋಡಿ ತಿದ್ದಿಕೊಂಡರು, ಅದೂ ಬದಲಾವಣೆಯೇ.

ಸಭೆಯಲ್ಲಿ 'ನಮಗೆ ಬದಲಾವಣೆ ಬೇಡ' ಅಂದರೆ ನಿಮ್ಮನ್ನು ಹಳೇ ಕಾಲದವರ ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತಾರೆ. ಅದರ ಬದಲು ಕೇಳಿ. ಎಐ ತರಬೇತಿಗೆ ಎತ್ತಿಟ್ಟ ಸಮಯದಲ್ಲಿ ಅರ್ಧವನ್ನು ನಮಗೆ ಕೊಡಿ. ವಿಜ್ಞಾನದ ಶಿಕ್ಷಕರು ವಾರಕ್ಕೆ ಒಂದು ಪಿರಿಯಡ್ ಒಟ್ಟಿಗೆ ಕೂರುವ ಹಾಗೆ ವೇಳಾಪಟ್ಟಿ ಮಾಡಿ. ಒಬ್ಬರ ತರಗತಿಯನ್ನು ಇನ್ನೊಬ್ಬರು ನೋಡಲು ಬಿಡಿ, ಅದಕ್ಕೆ ಫಾರಂ ತುಂಬಿಸಬೇಡಿ. ಈ ವರ್ಷ ನಾವು ಒಂದೇ ವಿಷಯ ಹಿಡಿಯುತ್ತೇವೆ. ವರ್ಷದ ಕೊನೆಗೆ ಮಕ್ಕಳ ಉತ್ತರಗಳನ್ನೇ ತಂದು ತೋರಿಸುತ್ತೇವೆ, ಸುಧಾರಿಸಿಲ್ಲದಿದ್ದರೆ ಅದನ್ನೂ ಹೇಳುತ್ತೇವೆ. ಸಭೆಗೆ ಹೋಗುವ ಮೊದಲು ಒಂದು ಕೆಲಸ ಮಾಡಿಕೊಂಡು ಹೋಗಿ: ಲಾರಿ ಮತ್ತು ಕಾರಿನ ಪ್ರಶ್ನೆಯನ್ನು ನಿಮ್ಮ ಹತ್ತನೇ ತರಗತಿಗೆ ಕೊಡಿ. ಉತ್ತರಗಳ ಕಟ್ಟನ್ನು ಅಧ್ಯಕ್ಷರ ಮುಂದೆ ಇಟ್ಟು ಆಮೇಲೆ ಮಾತು ಶುರು ಮಾಡಿ.